ಎಷ್ಟು ಬೆಲೆ, ಎಷ್ಟು ಕೈ?

ಮನೆಗೆ ವಿಡಿಯೋ ಗೇಮ್ ಬೇಕೆಂಬ ಮಾತು ಬಂದಾಗ ಮಕ್ಕಳು ನೋಡುವುದು ಚಿತ್ರದ ಅಂದವನ್ನು. ಹೆತ್ತವರು ನೋಡುವುದು ಬೆಲೆಯ ಚೀಟಿಯನ್ನು. ಅದನ್ನು ಮನೆಯಲ್ಲಿ ಎಷ್ಟು ಜನ ಆಡಬಲ್ಲರು ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯುವುದು ಅಪರೂಪ. ಈ ಮೂರನೆಯ ಪ್ರಶ್ನೆಯನ್ನೇ ಹಿಡಿದು ಹೊರಟ ಯಂತ್ರವೊಂದಿತ್ತು. ಜಪಾನಿನ ನಿಂಟೆಂಡೋ ಕಂಪನಿ 2006ರ ನವೆಂಬರಿನಲ್ಲಿ ಮಾರುಕಟ್ಟೆಗೆ ತಂದ 'ವೀ' ಅದು. ಇಂಗ್ಲಿಷಿನಲ್ಲಿ 'ನಾವು' ಎನ್ನುವ ಪದದ ಉಚ್ಚಾರವೇ ಅದರ ಹೆಸರು.

1889ರಲ್ಲಿ ಕ್ಯೋಟೋ ನಗರದಲ್ಲಿ ಆಟದ ಎಲೆಗಳನ್ನು ತಯಾರಿಸುತ್ತ ಹುಟ್ಟಿಕೊಂಡ ಈ ಕಂಪನಿಯ ಹಿಂದಿನ ಯಂತ್ರ 'ಗೇಮ್‌ಕ್ಯೂಬ್', ಸೋನಿಯ 'ಪ್ಲೇಸ್ಟೇಷನ್ 2'ರ ಎದುರು ಬಹಳ ಹಿಂದೆ ಬಿದ್ದಿತ್ತು. ಸೋನಿ, ಮೈಕ್ರೋಸಾಫ್ಟ್ ಎರಡೂ ಹೆಚ್ಚಿನ ಶಕ್ತಿ, ಹೆಚ್ಚಿನ ಸ್ಪಷ್ಟತೆ ಎಂದು ಓಡುತ್ತಿದ್ದವು. ಗೆಲ್ಲಲಾಗದ ಓಟದಲ್ಲಿ ಓಡುವುದೇಕೆ? ನಿಂಟೆಂಡೋದ ಅಧ್ಯಕ್ಷ ಸಟೋರು ಇವಾಟಾ ದಾರಿಯನ್ನೇ ಬದಲಿಸಿದರು. 2005ರ ಸೆಪ್ಟೆಂಬರಿನ ಟೋಕಿಯೋ ಪ್ರದರ್ಶನದಲ್ಲಿ ಅವರು ಎತ್ತಿ ತೋರಿಸಿದ್ದು ಟಿವಿ ರಿಮೋಟಿನಂಥ ಒಂದು ಸಾಧನ.

ಹತ್ತಾರು ಗುಂಡಿಗಳ ಹಳೆಯ ಕಂಟ್ರೋಲರನ್ನು ಕಂಡು ದೂರ ಸರಿಯುವ ಹಿರಿಯರೂ ರಿಮೋಟಿಗೆ ಹೆದರುವುದಿಲ್ಲವಷ್ಟೆ. ವೀ ರಿಮೋಟಿನೊಳಗೆ ಕೈಯ ಚಲನೆಯನ್ನು ಗುರುತಿಸುವ ಪುಟ್ಟ ಸಂವೇದಕವಿತ್ತು. ತುದಿಯಲ್ಲಿದ್ದ ಕ್ಯಾಮೆರಾ, ಟಿವಿಯ ಬಳಿ ಇಟ್ಟ ಪಟ್ಟಿಯಿಂದ ಹೊರಡುವ ಅತಿಕೆಂಪು ಬೆಳಕನ್ನು ನೋಡಿ, ಆಟಗಾರ ಪರದೆಯ ಯಾವ ಭಾಗಕ್ಕೆ ಗುರಿಯಿಟ್ಟಿದ್ದಾನೆಂದು ತಿಳಿಯುತ್ತಿತ್ತು. ಟೆನಿಸ್ ಆಡಲು ಕೈ ಬೀಸಿದರಾಯಿತು. ಬೇರೆ ಪಾಠ ಬೇಕಿರಲಿಲ್ಲ.

ಇನ್ನು ಬೆಲೆ. ಅಮೆರಿಕದಲ್ಲಿ ವೀ ಬೆಲೆ ಸುಮಾರು 250 ಡಾಲರ್. ಜೊತೆಗೆ ಟೆನಿಸ್, ಬೌಲಿಂಗ್ ಮುಂತಾದ ಐದು ಆಟಗಳ 'ವೀ ಸ್ಪೋರ್ಟ್ಸ್' ಉಚಿತ. ಅದೇ ವಾರ ಬಂದ 'ಪ್ಲೇಸ್ಟೇಷನ್ 3'ಕ್ಕೆ 500 ಅಥವಾ 600 ಡಾಲರ್. ಒಂದು ವರ್ಷ ಮೊದಲೇ ಬಂದಿದ್ದ 'ಎಕ್ಸ್‌ಬಾಕ್ಸ್ 360'ಕ್ಕೆ 300 ಅಥವಾ 400.

ಹಾಗೆಂದು ಅಗ್ಗದ್ದೆಲ್ಲ ಲಾಭವೆಂದುಕೊಳ್ಳುವಂತಿರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಒಂದೇ ರಿಮೋಟು. ನಾಲ್ವರು ಸೇರಿ ಟೆನಿಸ್ ಆಡಬೇಕೆಂದರೆ ತಲಾ 40 ಡಾಲರಿನಂತೆ ಇನ್ನೂ ಮೂರನ್ನು ಕೊಳ್ಳಬೇಕು. 250 ಹೋಗಿ 370 ಆಯಿತು! ಹೈ ಡೆಫಿನಿಷನ್ ಚಿತ್ರ ಅದರಲ್ಲಿರಲಿಲ್ಲ, ಡಿವಿಡಿ ಸಿನಿಮಾ ನೋಡುವಂತಿರಲಿಲ್ಲ. 'ಪ್ಲೇಸ್ಟೇಷನ್ 3' ಬ್ಲೂ-ರೇ ಸಿನಿಮಾ ತಟ್ಟೆಯನ್ನೂ ಓಡಿಸುತ್ತಿತ್ತು. ವೀಯಲ್ಲಿ ಗೇಮ್‌ಕ್ಯೂಬಿನ ಹಳೆಯ ಆಟಗಳನ್ನು ಆಡಬಹುದಿತ್ತೆನ್ನುವುದು ಮಾತ್ರ ನಿಜವಾದ ಉಳಿತಾಯ.

ಹೊಸತನಕ್ಕೂ ಅದರದೇ ತೊಡಕುಗಳಿದ್ದವು. ಹುರುಪಿನಲ್ಲಿ ಬೀಸಿದಾಗ ದಾರ ಕಿತ್ತು ರಿಮೋಟು ಹಾರಿದ್ದುಂಟು. 2006ರ ಡಿಸೆಂಬರಿನಲ್ಲೇ ಕಂಪನಿ ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. ತೋಳು ಬೀಸದೆ, ಕುಳಿತಲ್ಲೇ ಮಣಿಕಟ್ಟು ಕೊಂಚ ತಿರುಗಿಸಿದರೂ ಚೆಂಡು ಹೋಗುತ್ತದೆಂಬ ಗುಟ್ಟು ಮಕ್ಕಳಿಗೆ ಬೇಗ ತಿಳಿಯಿತು. ಚಲನೆಯನ್ನು ಇನ್ನಷ್ಟು ನಿಖರವಾಗಿ ಅಳೆಯಲು 2009ರಲ್ಲಿ 'ಮೋಷನ್‌ಪ್ಲಸ್' ಎಂಬ ಬಿಡಿಭಾಗ ಬಂತು. ಅದಕ್ಕೆ ಮತ್ತೆ 20 ಡಾಲರ್.

ಇಷ್ಟಾದರೂ ವೀ 10 ಕೋಟಿಗೂ ಹೆಚ್ಚು ಮಾರಾಟವಾಗಿ ಎದುರಾಳಿಗಳಿಬ್ಬರನ್ನೂ ಹಿಂದಿಕ್ಕಿತು. ಆದರೆ 2012ರಲ್ಲಿ ಅದೇ ಕಂಪನಿ, ಕೈಯಲ್ಲೊಂದು ಪರದೆ ಕೊಟ್ಟು ತಂದ 'ವೀ ಯು' 1.35 ಕೋಟಿಯ ಆಸುಪಾಸಿಗೇ ನಿಂತಿತು. ಅದು ಹೊಸ ಯಂತ್ರವೋ ಹಳೆಯದರ ಬಿಡಿಭಾಗವೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಕೈ ಬೀಸುವುದರ ಅರ್ಥ ಮಗುವಿಗೂ ಗೊತ್ತು. ಎರಡು ಪರದೆಗಳ ಅರ್ಥವನ್ನು ವಿವರಿಸಿ ಹೇಳಬೇಕು. ಹೊಸತನ ತಾನಾಗಿಯೇ ಅರ್ಥವಾಗದಿದ್ದರೆ ಅದರಿಂದ ಪ್ರಯೋಜನವೇನು?

ಯಂತ್ರಗಳ ಹೆಸರು ಬದಲಾಗುತ್ತಲೇ ಇರುತ್ತವೆ, ಕೊಳ್ಳುವ ಮನೆಯ ಲೆಕ್ಕ ಬದಲಾಗುವುದಿಲ್ಲ. ಅಂಗಡಿಗೆ ಹೋಗುವ ಮುನ್ನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಬರೆಯಲಿ: ಯಂತ್ರಕ್ಕೆಷ್ಟು, ಹೆಚ್ಚಿನ ಕಂಟ್ರೋಲರಿಗೆಷ್ಟು, ವರ್ಷಕ್ಕೆ ಕೊಳ್ಳುವ ಆಟಗಳಿಗೆಷ್ಟು, ಆಡುವವರು ಎಷ್ಟು ಜನ. ಮೊತ್ತವನ್ನು ಆಡುವವರ ಸಂಖ್ಯೆಯಿಂದ ಭಾಗಿಸಿದಾಗ ಬರುವುದೇ ನಿಜವಾದ ಬೆಲೆ. ಆ ಭಾಗಾಕಾರವನ್ನು ಆಟ ಬೇಕೆಂದು ಕೇಳಿದ ಮಗುವೇ ಮಾಡಲಿ.