ಮೀನಿನ ಕಿವಿಯ ಕಲ್ಲು

ಕಳೆದ ಚೌತಿಗೆ ಮುಂಚೆ ಮನೆ ಸಾರಿಸಿ ಒಪ್ಪ ಮಾಡುವ ಉತ್ಸಾಹದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಮಗಳ ಮೇಜಿನ ಮೇಲೆ ಎಂಬತ್ತು ಪುಟ್ಟ ಲಕೋಟೆಗಳಿದ್ದವು. ಪ್ರತಿಯೊಂದರಲ್ಲೂ ಎರಡೆರಡು ಬಿಳಿ ಕಲ್ಲಿನ ಚೂರು. ಇಷ್ಟಕ್ಕೆ ಇಷ್ಟೊಂದು ಜಾಗವೇಕೆಂದು ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಸುರಿದು, ಲಕೋಟೆಗಳನ್ನು ರದ್ದಿಗೆ ಹಾಕಿಬಿಟ್ಟೆ.

ಮಗಳು ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಾಳೆ. ಸಂಜೆ ಬಂದವಳು ಡಬ್ಬಿ ನೋಡಿ ನೆಲದ ಮೇಲೆಯೇ ಕುಳಿತಳು.

"ಅಮ್ಮಾ, ಇದರಲ್ಲಿ ಮಲ್ಪೆಯದು ಯಾವುದು, ಸಸೂನ್ ಡಾಕ್‌ನದು ಯಾವುದು?"

"ಎಲ್ಲಾ ಒಂದೇ ತರಹ ಇವೆಯಲ್ಲೇ?"

"ಒಂದೇ ತರಹವೋ ಅಲ್ಲವೋ ಅಂತ ನೋಡೋದೇ ನನ್ನ ಪ್ರಬಂಧ, ಅಮ್ಮಾ!"

ಆ ಕಲ್ಲುಗಳು ನನಗೆ ಹೊಸವಲ್ಲ. ಮಲ್ಪೆಯ ನಮ್ಮ ಮನೆಯಲ್ಲಿ ಅಮ್ಮ ಕಲ್ಲೂರು ಮೀನಿನ ತಲೆ ಸೀಳುವಾಗ ಒಳಗಿನ ಎರಡು ಕಲ್ಲುಗಳನ್ನು ತೆಗೆದು ನಮ್ಮ ಕೈಗಿಡುತ್ತಿದ್ದರು. ತಲೆಯಲ್ಲಿ ಕಲ್ಲಿರುವುದರಿಂದಲೇ ಮೀನಿಗೆ ಆ ಹೆಸರೆಂದು ಅವರ ವಾದ. ಚೆನ್ನೆಮಣೆಗೆ ಕಾಯಿ ಸಾಲದಾದಾಗ ನಾವು ಇವನ್ನೇ ಹಾಕಿ ಆಡಿದ್ದುಂಟು. ಮುಂಬಯಿಯ ಮಾರುಕಟ್ಟೆಯಲ್ಲಿ ಇದೇ ಜಾತಿಯ ಮೀನುಗಳನ್ನು ಕೋಳಿ ಹೆಂಗಸರು ಢೋಮಾ ಎಂದು ಮಾರುತ್ತಾರೆ. ಆದರೆ ಆ ಕಲ್ಲು ಮೀನಿನ ಕಿವಿಯೆಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಇಂಗ್ಲಿಷಿನಲ್ಲಿ ಇದಕ್ಕೆ ಓಟೋಲಿತ್ ಎಂದು ಹೆಸರು. ಗ್ರೀಕ್ ಮೂಲದ ಪದ, ಕಿವಿಗಲ್ಲು ಎಂದೇ ಅರ್ಥ. (ನನ್ನ ಬಿ.ಎ. ಇಷ್ಟಕ್ಕಾದರೂ ಬಂತು!) ಮೀನಿಗೆ ಹೊರಗಿವಿ ಇಲ್ಲ. ತಲೆಯೊಳಗೆ, ಮಿದುಳಿನ ಎರಡೂ ಪಕ್ಕದ ದ್ರವ ತುಂಬಿದ ಚೀಲಗಳಲ್ಲಿ ಒಟ್ಟು ಮೂರು ಜೊತೆ ಕಲ್ಲುಗಳಿರುತ್ತವೆ. ನಮ್ಮ ಕೈಗೆ ಸಿಗುವುದು ಅವುಗಳಲ್ಲಿ ದೊಡ್ಡದಾದ ಜೊತೆ. ನೀರಿನ ಸದ್ದಿಗೆ ಮೀನಿನ ಮೈ ನೀರಿನೊಡನೆಯೇ ಅಲುಗುತ್ತದೆ. ಭಾರವಾದ ಕಲ್ಲು ಮಾತ್ರ ಕ್ಷಣಕಾಲ ಹಿಂದುಳಿಯುತ್ತದೆ. ಆಗ ಅದರ ಕೆಳಗಿನ ಸೂಕ್ಷ್ಮ ರೋಮಗಳು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೈಯ ಸಮತೋಲಕ್ಕೂ ಇವೇ ಆಧಾರ.

ಈ ಕಲ್ಲು ಸುಣ್ಣದ ಅಂಶದಿಂದ ಪದರ ಪದರವಾಗಿ ಬೆಳೆಯುತ್ತದೆ. ದಿನಕ್ಕೊಂದು ಪದರ ಕೂಡುತ್ತದೆ ಎಂಬುದನ್ನು ಪ್ಯಾನೆಲ್ಲಾ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿಕೊಟ್ಟರು. ಮೀನು ಉಪವಾಸ ಬಿದ್ದರೆ ಮೈ ಬಡವಾಗುತ್ತದೆ. ಕಲ್ಲು ಮಾತ್ರ ಕರಗುವುದಿಲ್ಲ, ಹಾಕಿದ ಪದರವನ್ನು ಬಿಟ್ಟುಕೊಡುವುದಿಲ್ಲ. ನೀರು ತಣ್ಣಗಿತ್ತೋ ಬೆಚ್ಚಗಿತ್ತೋ, ಮೀನು ಬೇಗ ಬೆಳೆಯಿತೋ ನಿಧಾನವಾಗಿಯೋ ಎಂಬುದೆಲ್ಲ ಕಲ್ಲಿನ ಅಂಚಿನ ತಗ್ಗು ಉಬ್ಬುಗಳಲ್ಲಿ ಉಳಿದುಬಿಡುತ್ತದೆ.

ಮಗಳು ಮಾಡುವ ಕೆಲಸ ಆ ಅಂಚನ್ನು ಅಳೆಯುವುದು. ಕಪ್ಪು ಹಿನ್ನೆಲೆಯಲ್ಲಿಟ್ಟು ಸೂಕ್ಷ್ಮದರ್ಶಕದಿಂದ ಫೋಟೋ ತೆಗೆಯುತ್ತಾಳೆ, ಗಣಕಯಂತ್ರ ಹೊರಗೆರೆಯನ್ನು ಎಳೆಯುತ್ತದೆ. ನಂತರ ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞರ ವಿಧಾನ. ನನಗೆ ಅವಳು ಅಡಿಗೆಮನೆಯಲ್ಲೇ ವಿವರಿಸಿದಳು: ಮೊದಲು ದುಂಡಗಿನ ರೊಟ್ಟಿ ಎಂದುಕೋ, ಎಳೆದರೆ ಮೊಟ್ಟೆಯಾಕಾರ, ಆಮೇಲೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಸಣ್ಣ ಉಬ್ಬು. ಹೀಗೆ ಒಂದೊಂದು ತಿದ್ದುಪಡಿ ಎಷ್ಟು ಬೇಕಾಯಿತೆಂದು ಅಂಕಿಗಳಲ್ಲಿ ಬರೆದರೆ ಆ ಕಲ್ಲಿನ ಆಕಾರ ಸಿಕ್ಕಿತು. ದೊಡ್ಡ ಮೀನನ್ನು ಮರಿಯೊಡನೆ ಹೋಲಿಸುವಂತಿಲ್ಲ, ಎಡಗಲ್ಲನ್ನು ಬಲಗಲ್ಲಿನೊಡನೆಯೂ ಹೋಲಿಸುವಂತಿಲ್ಲ.

"ಅಷ್ಟೆಲ್ಲ ಕಲ್ಲಿನಲ್ಲೇ ಇದ್ದರೆ ಡಬ್ಬಿಯ ಕಲ್ಲುಗಳನ್ನೇ ಕೇಳಬಹುದಲ್ಲ, ನೀನು ಎಲ್ಲಿಯದೆಂದು?" ಎಂದೆ. ತಪ್ಪು ಮುಚ್ಚಿಕೊಳ್ಳುವ ಆಸೆ.

"ಊರು ಗೊತ್ತಿರುವ ಕಲ್ಲು ಮೊದಲು ಬೇಕು, ಅಮ್ಮಾ. ಅವುಗಳ ಪಕ್ಕದಲ್ಲಿಟ್ಟರೆ ಮಾತ್ರ ಗೊತ್ತಿಲ್ಲದ್ದು ಮಾತನಾಡೋದು. ಆಗಲೂ ಇಷ್ಟು ಪಾಲು ಖಚಿತ ಅಂತ ಹೇಳಬಹುದೇ ಹೊರತು ಆಣೆ ಇಡೋಕಾಗಲ್ಲ."

ಇದೆಲ್ಲ ಯಾರಿಗೆ ಬೇಕು ಎಂದು ನಿಮಗನ್ನಿಸಬಹುದು, ನನಗೂ ಅನ್ನಿಸಿತ್ತು. ನಾರ್ವೆಯ ಕಥೆ ಕೇಳಿ. ಅಲ್ಲಿಯ ಲೋಫೋಟೆನ್ ದ್ವೀಪಗಳ ಬಳಿ ಚಳಿಗಾಲದಲ್ಲಿ ಎರಡು ಬಗೆಯ ಕಾಡ್ ಮೀನುಗಳು ಒಟ್ಟಿಗೆ ಬಲೆಗೆ ಬೀಳುತ್ತವೆ. ಒಂದು ಮೊಟ್ಟೆಯಿಡಲು ದೂರದ ಬ್ಯಾರೆಂಟ್ಸ್ ಸಮುದ್ರದಿಂದ ಬರುವ ಭಾರಿ ಹಿಂಡು. ಇನ್ನೊಂದು ಕರಾವಳಿಯಲ್ಲೇ ನೆಲೆಸಿದ ಚಿಕ್ಕ ಗುಂಪು. ಎಲ್ಲಾ ಒಂದೇ ರಾಶಿಯೆಂದು ಎಣಿಸಿದರೆ ದೊಡ್ಡ ಹಿಂಡಿನ ಸಮೃದ್ಧಿಯ ಮರೆಯಲ್ಲಿ ಚಿಕ್ಕದು ಸದ್ದಿಲ್ಲದೆ ಖಾಲಿಯಾಗುತ್ತದೆ. ರೋಲೆಫ್ಸನ್ ಎಂಬವರು 1933ರಲ್ಲೇ ಕಲ್ಲನ್ನು ಮುರಿದು, ಒಳಗಿನ ಮೊದಲ ಬಳೆಗಳ ಆಕಾರ ಎರಡು ಬಗೆಯಲ್ಲೂ ಬೇರೆ ಎಂದು ಗುರುತಿಸಿದರು. ಆ ಗುರುತನ್ನು ಅಲ್ಲಿಯವರು ಕೈಬಿಟ್ಟಿಲ್ಲ.

ನಮ್ಮಲ್ಲೂ ಪ್ರಶ್ನೆ ಇದೇ. ಮಲ್ಪೆಯ ಕಲ್ಲೂರು, ಮುಂಬಯಿಯ ಢೋಮಾ ಒಂದೇ ಗುಂಪಾದರೆ ಇಲ್ಲಿ ಮಿತಿಮೀರಿ ಹಿಡಿದದ್ದಕ್ಕೆ ಅಲ್ಲಿಯ ದೋಣಿಗಳು ಬರಿಗೈಯಲ್ಲಿ ಬರುತ್ತವೆ. ಬೇರೆ ಬೇರೆ ಗುಂಪಾದರೆ ಇಲ್ಲಿಯ ಒಳ್ಳೆಯ ಫಸಲು ಅಲ್ಲಿಯ ಬರಗಾಲಕ್ಕೆ ಸಮಾಧಾನವಲ್ಲ. ಮಲ್ಪೆಯಲ್ಲಿ ನನ್ನ ತಮ್ಮನ ಹೊಟ್ಟೆಪಾಡು ದೋಣಿಯ ಮೇಲೆಯೇ ನಿಂತಿರುವುದರಿಂದ ಇದು ನನಗೆ ಬರೀ ಪುಸ್ತಕದ ಮಾತಾಗಲಿಲ್ಲ.

ಒಂದು ಸಂಗತಿ ಮಾತ್ರ ನನ್ನನ್ನು ತುಸು ಚುಚ್ಚಿತು. ಕೆನಡಾದ ಕ್ಯಾಂಪನಾ ಮತ್ತು ಕ್ಯಾಸಲ್‌ಮನ್ 1993ರಲ್ಲಿ ಪ್ರಕಟಿಸಿದ ಪ್ರಕಾರ, ಕಾಡ್ ಮೀನಿನ ಕಲ್ಲುಗಳ ಆಕಾರ ಬೇರೆಯಾಗಲು ಮುಖ್ಯ ಕಾರಣ ಬೆಳವಣಿಗೆಯ ವೇಗ. ಅಂದರೆ ಯಾರ ಮರಿ ಎನ್ನುವುದಕ್ಕಿಂತ ಯಾವ ನೀರಿನಲ್ಲಿ ಬೆಳೆಯಿತು ಎನ್ನುವುದು ಹೆಚ್ಚು. ಶಾಲೆಯ ಫಾರಂಗಳಲ್ಲಿ 'ಸ್ವಂತ ಊರು' ಎಂಬಲ್ಲಿ ಡೊಂಬಿವಿಲಿ ಎಂದು ಬರೆಯಹೊರಟ ಮಗಳ ಕೈಹಿಡಿದು ಮಲ್ಪೆ ಎಂದು ಬರೆಸಿದವಳು ನಾನು. ನನ್ನ ಮುಖ ನೋಡಿ ಅವಳೇ, "ಹುಟ್ಟಿದ ವಂಶದ್ದೂ ಸ್ವಲ್ಪ ಸೇರುತ್ತೆ ಅಮ್ಮಾ," ಎಂದಳು. ನಾನು ಒಗ್ಗರಣೆ ಹಾಕುವ ನೆವದಲ್ಲಿ ಅತ್ತ ತಿರುಗಿದೆ.

ಪ್ರಾಯಶ್ಚಿತ್ತವಾಗಿ ಮರುವಾರದಿಂದ ಬೆಳಗಿನ ಜಾವ ಅವಳೊಡನೆ ಸಸೂನ್ ಡಾಕ್‌ಗೆ ಹೋದೆ. ಮಲ್ಪೆಯಿಂದ ತಮ್ಮ ಮೀನಿನ ತಲೆಗಳನ್ನು ಐಸ್‌ನಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ. ತಲೆ ಸೀಳಿ ಕಲ್ಲು ಒಡೆಯದಂತೆ ತೆಗೆಯುವುದರಲ್ಲಿ ನನ್ನ ಕೈಯೇ ಚುರುಕು. ಅಮ್ಮನಿಂದ ಕಲಿತದ್ದಲ್ಲವೇ! ಹಳೆಯ ಡಬ್ಬಿಯನ್ನು ಮಗಳು ಎಸೆದಿಲ್ಲ. ಹೊಸ ಕಲ್ಲುಗಳ ಲೆಕ್ಕ ಮುಗಿದ ಮೇಲೆ ಅವುಗಳ ಊರು ಊಹಿಸಿ ನೋಡುತ್ತಾಳಂತೆ.

ಮುಂದಿನ ಸಲ ಮನೆಯಲ್ಲಿ ಢೋಮಾ ಅಥವಾ ಕಲ್ಲೂರು ತಂದಾಗ ನೀವೂ ತಲೆ ಸೀಳಿ ನೋಡಿ, ಮಕ್ಕಳೇ. ಕಲ್ಲು ತೊಳೆದು ಒಣಗಿಸಿ ಲಕೋಟೆಯಲ್ಲಿಡಿ. ಮೇಲೆ ತಾರೀಖು, ಮಾರುಕಟ್ಟೆ, ಮೀನಿನ ಉದ್ದ ಬರೆಯಿರಿ. ಆಮೇಲೆ ಅಮ್ಮನ ಕೈಗೆ ಸಿಗದ ಜಾಗದಲ್ಲಿ ಬಚ್ಚಿಡಿ.