ಮದ್ದಿನಜ್ಜಿ ಮತ್ತು ಒಂದು ಜಾಡಿ ಅಪ್ಪೆಮಿಡಿ

ನಾನು ದೆವ್ವ ನಂಬೋದಿಲ್ಲ. ಮಾಟ, ಮಂತ್ರ, ಕಟ್ಟು, ತಾಯತ ಯಾವುದನ್ನೂ ನಂಬೋದಿಲ್ಲ. ಆದ್ರೆ ಸಾಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರು "ಅವರ ಮನೆಗೆ ಯಾರೋ ಮಾಡ್ಸಿದಾರಂತೆ ಮಾರಾಯ್ರೆ..." ಅಂತ ಪಿಸುಗುಟ್ಟಿದ್ರೆ ಸಾಕು, ಕಿವಿಯಿಂದ ಇಯರ್‌ಫೋನ್ ತೆಗೆದಿಟ್ಟು ಕೇಳ್ತಾ ಕೂರ್ತೀನಿ. ಇಳಿಯೋ ಸ್ಟಾಪ್ ತಪ್ಪಿದ್ದೂ ಇದೆ!

ನಮ್ಮೂರು ಹೊಸನಗರ ತಾಲೂಕು. ಶಾಲೆಗೆ ಹೋಗುವಾಗ ಮೂರು ದಾರಿ ಕೂಡುವಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು ಕಂಡ್ರೆ ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಹೋಗ್ತಿದ್ವಿ. ತೋಟದ ಅಂಚಿಗೊಂದು ಚೌಡಿ, ಕಾಡಿನ ಬುಡಕ್ಕೊಂದು ಭೂತ. ರಜೆಗೆ ತೀರ್ಥಹಳ್ಳಿಯ ಅಜ್ಜನಮನೆಗೆ ಹೋದ್ರೆ ಅಲ್ಲಿ ಮಾವನ ಕೊಳ್ಳಿದೆವ್ವದ ಕತೆಗಳು. ಅದೇ ತಾಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1936ರಲ್ಲೇ 'ಕಾನೂರು ಹೆಗ್ಗಡಿತಿ'ಯಲ್ಲಿ ಭೂತಬಲಿಯನ್ನು ವಿರೋಧಿಸೋ ಹೂವಯ್ಯನನ್ನು ತಂದಿದ್ರು. ನಮ್ಮ ಮಾವ ಆ ಪುಸ್ತಕವನ್ನು ಎರಡು ಸಲ ಓದಿದವರು, ಕೋಳಿ ಕೊಡೋದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿದವರಲ್ಲ.

ಸಾಗರದಲ್ಲಿ ಪಿಯುಸಿ ಓದುವಾಗ ಎಚ್. ನರಸಿಂಹಯ್ಯನವರ ಬಗ್ಗೆ ತಿಳೀತು. ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರ್ ಆಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೇ ಒಂದು ಸಮಿತಿ ಮಾಡಿದವರು. ಅಲ್ಲಿಂದ ನಾನೂ ದೊಡ್ಡ ವಿಚಾರವಾದಿ. ಊರಿಗೆ ಬಂದವನೇ ಒಂದು ನಿಂಬೆಹಣ್ಣನ್ನು ಒದ್ದುಬಿಟ್ಟೆ. ರಾತ್ರಿ ಜ್ವರ ಬಂತಾ ಅಂತ ಕೇಳ್ಬೇಡಿ, ಬರಲಿಲ್ಲ. ನಿದ್ದೆನೂ ಬರಲಿಲ್ಲ.

ನಮ್ಮ ಕಡೆ ತೋಟಗಳಲ್ಲಿ 'ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ' ಅನ್ನೋ ಬೋರ್ಡು ನೋಡಿರ್ತೀರಿ. ಕಳ್ಳತನ, ಜಾಗದ ತಕರಾರು ಅಂತ ಜನ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಹೋಗಿ ಅಮ್ಮನಿಗೆ ದೂರು ಕೊಡ್ತಿದ್ರು. 2025ರ ಜುಲೈನಿಂದ 2.4 ಕಿ.ಮೀ. ಉದ್ದದ ಸೇತುವೆ ಮೇಲೆ ಸೀದಾ ಹೋಗ್ತಾರೆ. ಸಿಸಿ ಕ್ಯಾಮೆರಾಕ್ಕಿಂತ ಅಗ್ಗ, ಕೋರ್ಟಿಗಿಂತ ಬೇಗ. ನಾನೂ ಒಮ್ಮೆ ಯಾರದೋ ತೋಟದಲ್ಲಿ ಬಿದ್ದಿದ್ದ ಜಾಯಿಕಾಯಿ ಎತ್ಕೊಂಡು, ಬೋರ್ಡು ಕಂಡು, ಎಲ್ಲಿತ್ತೋ ಅಲ್ಲೇ ಇಟ್ಟು ಬಂದಿದ್ದೀನಿ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

ಇಂಥ ಹೆದರಿಕೆಯಿಂದ ಕಳ್ಳನಿಗಷ್ಟೇ ನಷ್ಟ. ಮನುಷ್ಯರ ಮೇಲೆ ಅಂಟಿಕೊಂಡ ಹೆದರಿಕೆ ಹಾಗಲ್ಲ.

ನಮ್ಮ ಕೇರಿಯ ಕೊನೇ ಮನೇಲಿ ಒಬ್ರು ಅಜ್ಜಿ ಇದ್ರು. ಗಂಡ ಇಲ್ಲ, ಮಕ್ಕಳಿಲ್ಲ. 'ಮದ್ದು ಹಾಕ್ತಾಳೆ' ಅಂತ ಸುದ್ದಿ. ಮದ್ದು ಗೊತ್ತಲ್ಲ? ಊಟದಲ್ಲಿ ಏನೋ ಬೆರೆಸಿ ಕೊಡ್ತಾರೆ, ಅದು ಹೊಟ್ಟೇಲಿ ಬೆಳೆದು ಮನುಷ್ಯ ಸೊರಗಿ ಸಾಯ್ತಾನೆ ಅನ್ನೋ ನಂಬಿಕೆ. ವಾಂತಿ ಮಾಡಿಸಿ ಅದನ್ನ ತೆಗೆಯೋರೂ ಇದ್ದಾರೆ. ಕಾಮಾಲೆಯೋ, ಅಲ್ಸರ್ರೋ, ಊರಲ್ಲಿ ಯಾರಿಗೆ ಏನಾದ್ರೂ ಮೊದಲ ಪ್ರಶ್ನೆ, "ಆ ಮನೇಲಿ ಏನಾದ್ರೂ ತಿಂದಿದ್ಯಾ?" ಮದುವೆ, ತಿಥಿಗೆ ಅವರನ್ನ ಕರೆದ್ರೂ ಬಡಿಸೋಕೆ ಬಿಡ್ತಿರಲಿಲ್ಲ.

ನಾನು ಡಿಗ್ರಿಗೆ ಬೆಂಗಳೂರಿಗೆ ಹೊರಡೋ ಎರಡು ದಿನ ಮುಂಚೆ ಅಜ್ಜಿ ಒಂದು ಪುಟ್ಟ ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ ತಂದ್ರು. "ಹಾಸ್ಟೆಲ್ ಊಟ ಸೇರಲ್ವಂತೆ, ಇದಿದ್ರೆ ಎರಡು ತುತ್ತು ಹೆಚ್ಚಿಗೆ ಹೋಗ್ತದೆ" ಅಂದ್ರು. ಒಳಗೇ ಬರಲಿಲ್ಲ, ಜಗುಲಿ ಮೇಲಿಟ್ಟು ಹೋದ್ರು.

ಅಮ್ಮ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ಲು. ಬಾಳೆಬುಡಕ್ಕೆ ಸುರಿದದ್ದು ನಾನೇ, ನಿಂಬೆಹಣ್ಣು ಒದ್ದ ವಿಚಾರವಾದಿ. ಅಪ್ಪೆಮಿಡಿ ಸೊನೆಯ ಪರಿಮಳ ಹಿತ್ತಲು ತುಂಬಾ ಇತ್ತು. ಮರುದಿನ ತೊಳೆದ ಜಾಡಿ ವಾಪಸ್ ಕೊಡೋಕೆ ಹೋದೆ. ಅಜ್ಜಿ ಅದರೊಳಗೆ ಬಗ್ಗಿ ನೋಡಿ, "ಇಷ್ಟು ಬೇಗ ಖಾಲಿ ಆಯ್ತಾ?" ಅಂದ್ರು. ಬೇರೆ ಡಬ್ಬಿಗೆ ಹಾಕ್ಕೊಂಡೆ ಅಂತ ಸುಳ್ಳು ಹೇಳಿದೆ. "ಹ್ಞೂಂ" ಅಂದ್ರು, ಅಷ್ಟೇ.

ಈಗ ಕಾನೂನಿದೆ. 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ, ಮಾಟದ ಹೆಸರಲ್ಲಿ ಭಯ ಹುಟ್ಟಿಸೋದು ಅದರ ಪ್ರಕಾರ ಅಪರಾಧ. ಉಪ್ಪಿನಕಾಯಿ ಚೆಲ್ಲೋದನ್ನ ಯಾರೂ ಸೇರಿಸಿಲ್ಲ ಬಿಡಿ.

ಅಜ್ಜಿ ಹೋಗಿ ವರ್ಷಗಳಾದ್ವು. ಮೊನ್ನೆ ಊರಿಗೆ ಹೋದಾಗ ಆ ಮನೆಯ ಮಾಡು ಕುಸಿದಿತ್ತು. ಹತ್ರ ಹೋಗ್ತಿದ್ದವನನ್ನ ಒಬ್ಬ ಹುಡುಗ ತಡೆದ. "ಅಲ್ಲಿ ಹೋಗ್ಬೇಡಿ, ಮದ್ದಿನಜ್ಜಿ ಇದೆ."

ಅವರ ಹೆಸರೇನು ಗೊತ್ತೇನೋ ಅಂತ ಕೇಳಿದೆ. ಗೊತ್ತಿಲ್ಲ ಅಂದ. ನೆನಪು ಮಾಡ್ಕೊಳ್ಳೋಕೆ ನೋಡಿದೆ. ನನಗೂ ಗೊತ್ತಿರಲಿಲ್ಲ.