ಆಂಟ್‌ವರ್ಪ್ ನಗರದಲ್ಲಿ ಒಂದು ಮುಂಜಾನೆ

ಬೆಲ್ಜಿಯಂ ದೇಶದ ಆಂಟ್‌ವರ್ಪ್ ಎಂದರೆ ವಜ್ರದ ಪೇಟೆ ಎಂಬುದು ನಮ್ಮ ಜತ್ತ, ಸೊಲ್ಲಾಪುರ ಕಡೆಯ ವ್ಯಾಪಾರಸ್ಥರಿಗೂ ತಿಳಿದ ಮಾತು. ಯುರೋಪ್ ಪ್ರವಾಸದಲ್ಲಿ ಆ ಊರು ನೋಡಲು ನಮಗೆ ಸಿಕ್ಕಿದ್ದು ಒಂದು ಮುಂಜಾನೆ ಮಾತ್ರ.

ಮೊದಲು ರೈಲ್ವೆ ಸ್ಟೇಶನ್. 1905ರಲ್ಲಿ ಮುಗಿದ ಈ ಕಟ್ಟಡದ ಗುಮ್ಮಟ 75 ಮೀಟರ್ ಎತ್ತರ. ರೈಲುಗಳು ಒಂದರ ಕೆಳಗೊಂದರಂತೆ ಮೂರು ಮಜಲಿನಲ್ಲಿ ನಿಲ್ಲುತ್ತವೆ. ಪಕ್ಕದ ಓಣಿಗಳೇ ವಜ್ರದ ಪೇಟೆ. ಕರಿಕೋಟಿನ ಯಹೂದಿ ವ್ಯಾಪಾರಿಗಳ ಜೊತೆಗೆ 1960ರ ದಶಕದಿಂದ ಪಾಲನಪುರದ ಜೈನ ಬಂಧುಗಳೂ ಇಲ್ಲಿ ನೆಲೆಸಿದ್ದಾರೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೆಯ ಬೂರ್ಸ್, ಎಂದರೆ ವ್ಯಾಪಾರಿಗಳು ಕೂಡುವ ಕಟ್ಟೆ. 1531ರಲ್ಲಿ ಕಟ್ಟಿದ್ದು 1858ರಲ್ಲಿ ಸುಟ್ಟುಹೋಗಿ, 1872ರಲ್ಲಿ ಮತ್ತೆ ಎದ್ದಿತು. ಲಂಡನ್ನಿನ ರಾಯಲ್ ಎಕ್ಸ್‌ಚೇಂಜಿಗೂ ಇದೇ ಮಾದರಿ. ಯಾವ ದೇಶದವರಾಗಲಿ, ಯಾವ ಭಾಷೆಯವರಾಗಲಿ, ವ್ಯಾಪಾರಿಗಳೆಲ್ಲರಿಗಾಗಿ ಈ ಜಾಗ ಎಂದು ಆಗಲೇ ಕಲ್ಲಿನಲ್ಲಿ ಕೆತ್ತಿಸಿದ್ದರಂತೆ. ಮರಾಠಿಯಲ್ಲಿ ಖಾತೆ ಬರೆದು ಕನ್ನಡದಲ್ಲಿ ಚೌಕಾಶಿ ಮಾಡುವ ನಮಗೆ ಈ ಮಾತು ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. 1585ರಲ್ಲಿ ಊರು ಸ್ಪೇನಿನವರ ಕೈಸೇರಿ, ಶೆಲ್ಡ್ ನದಿಯ ದಾರಿ ಕಟ್ಟಾಯಿತು. ಆಗ ಇಲ್ಲಿಯ ಎಷ್ಟೋ ವ್ಯಾಪಾರಿಗಳು ಆಮ್‌ಸ್ಟರ್‌ಡ್ಯಾಮಿಗೆ ಗಂಟು ಕಟ್ಟಿದರು.

ದೊಡ್ಡ ಚರ್ಚಿನ ಗೋಪುರ 123 ಮೀಟರ್. ಅದರ ಜೋಡಿ ಗೋಪುರ ಅರ್ಧಕ್ಕೇ ನಿಂತಿದೆ. ಒಳಗೆ ರೂಬೆನ್ಸ್ ಎಂಬ ಚಿತ್ರಕಾರನ ಭಾರಿ ಚಿತ್ರಗಳಿವೆ.

ಟೌನ್‌ಹಾಲಿನ ಮುಂದೆ 1887ರ ಕಾರಂಜಿ. ಆಂಟಿಗೋನ್ ಎಂಬ ರಾಕ್ಷಸ ನದಿಯಲ್ಲಿ ಹಡಗುಗಳಿಂದ ಜಕಾತಿ ವಸೂಲು ಮಾಡಿ, ಕೊಡದವರ ಕೈ ಕಡಿಯುತ್ತಿದ್ದನಂತೆ. ಬ್ರಾಬೋ ಎಂಬ ವೀರ ಅವನದೇ ಕೈ ಕಡಿದು ನದಿಗೆ ಎಸೆದನೆಂದು ಕಥೆ. ನಾಕಾದ ಕಾಟ ಉಂಡ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಅದರ ನೆನಪಿಗೆ ಅಲ್ಲಿ ಕೈಯಾಕಾರದ ಬಿಸ್ಕೀಟು ಮಾರುತ್ತಾರೆ. ಗೈಡ್ ಒಂದು ಪೊಟ್ಟಣ ಹಿಡಿದು ಬಂದಾಗ ನಮ್ಮ ಧರ್ಮಪತ್ನಿ ಹಿಂದೆ ಸರಿದರು. "ತತ್ತಿ ಹಾಕಿರತಾರ, ಅದು ಹೋಗಲಿ. ಹಿಟ್ಟಿನ ಕೋಳಿ ಕಡಿದು ಯಶೋಧರ ರಾಜ ಎಷ್ಟು ಜನ್ಮ ಅನುಭವಿಸಿದ, ಮರತೀರೇನ್ರಿ?" ಎಂದರು. ಅವರಿಗೆ ಆಗಿನ್ನೂ ನೀರೂ ಇಲ್ಲ. ಜಿನದರ್ಶನವಾಗದೆ ಬಾಯಿಗೆ ಏನೂ ಹಾಕದ ನಿಯಮ ಅವರದು. ಬೇರೆ ಊರುಗಳಲ್ಲಿ ಪಟದ ಮುಂದೆ ಪಂಚನಮಸ್ಕಾರ ಹೇಳಿ ಸಾಗಿಸಿದ್ದರು. ಇಲ್ಲಿ ಮಂದಿರವೇ ಇರುವಾಗ ಪಟ ನಡೆಯದೆಂದು ಹಟ ಹಿಡಿದಿದ್ದರು.

ಮಂದಿರವಿರುವುದು ಊರ ಅಂಚಿನ ವಿಲ್ರೈಕ್‌ನಲ್ಲಿ. 2010ರಲ್ಲಿ ಪ್ರತಿಷ್ಠೆಯಾದ ಬಿಳಿ ಅಮೃತಶಿಲೆಯ ಪಾರ್ಶ್ವನಾಥ ಮಂದಿರ, ಶ್ವೇತಾಂಬರ ಪದ್ಧತಿಯದು. ದಿಗಂಬರರ ನಿಯಮ ಇಲ್ಲಿ ತುಂಬೀತೇ ಎಂದು ಜೊತೆಗಿದ್ದ ಹಿರಿಯರೊಬ್ಬರು ದಾರಿಯಲ್ಲೇ ಶಂಕೆ ತೆಗೆದರು. ಕಾರಿನಲ್ಲಿ ವಾದವೂ ನಡೆಯಿತು. ಇವರು ಮಾತ್ರ ತುಟಿ ಬಿಚ್ಚಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ನೇರ ಒಳಗೆ ನಡೆದರು. ನಾವು ಹಿಂದೆ ಹೋದೆವು. ಶಂಕೆ ತೆಗೆದ ಹಿರಿಯರೂ ಬಂದು ಪಕ್ಕದಲ್ಲಿ ಕೈಮುಗಿದು ನಿಂತರು. ಹೊರಗೆ ಬಂದು ಅವರು ನೀರು ಕುಡಿದಾಗ ಹನ್ನೆರಡು ದಾಟಿತ್ತು. ಬುತ್ತಿಯ ಕಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಮೊದಲ ಪಾಲು ಆ ಹಿರಿಯರಿಗೇ ಹೋಯಿತು.